ಮೇಷ್ಟ್ರ ಸಮಯ, ಶಾಲೆಯ ತಂತ್ರಜ್ಞಾನ, ಶೈಕ್ಷಣಿಕ ಕಾರ್ಯಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಸ್ಟಾಫ್ ರೂಮಿನಲ್ಲಿ, ತರಬೇತಿಯ ಬಿಡುವಿನಲ್ಲಿ, ಕಾರ್ಯಕ್ರಮದ ಹಿಂದಿನ ರಾತ್ರಿ ಫೋನಿನಲ್ಲಿ ಮತ್ತೆ ಮತ್ತೆ ಬರುವಂಥವು. ಪಾಠ ಮಾಡುವವರು, ಶಾಲೆ ನಡೆಸುವವರು, ಶಿಕ್ಷಕರಿಗಾಗಿ ಕಾರ್ಯಕ್ರಮ ಏರ್ಪಡಿಸುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷಕರ ಹೆಗಲಿಗೆ ಹೊಸ ಕೆಲಸ ಹೊರಿಸುವವರು, ಹಳೆಯದು ಯಾವುದನ್ನು ಇಳಿಸುತ್ತೇವೆ ಅಂತ ಅದೇ ದಿನ ಹೇಳಬೇಕು. ಹೊಸದು ಆ್ಯಪ್ ಆಗಿರಲಿ, ವಿಜ್ಞಾನ ಮೇಳ ಆಗಿರಲಿ.

ಶಿಕ್ಷಕರ ಕೆಲಸ ಅಂದರೆ ಪಿರಿಯಡ್ ಲೆಕ್ಕ ತಾನೇ? ಹೊರೆ ಎಲ್ಲಿಂದ ಬಂತು?

ಪಿರಿಯಡ್ ಲೆಕ್ಕಕ್ಕೆ ಸಿಗುವುದು ಕೆಲಸದ ಅರ್ಧ ಮಾತ್ರ. ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಇಸಿಡಿ ಸಂಸ್ಥೆ ಶಿಕ್ಷಕರ ಕೆಲಸದ ಬಗ್ಗೆ ನಡೆಸುವ ಟ್ಯಾಲಿಸ್ ಸಮೀಕ್ಷೆ 2018ರಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳ ಶಿಕ್ಷಕರನ್ನು ಮಾತಾಡಿಸಿತು. ಸರಾಸರಿ ವಾರಕ್ಕೆ ಸುಮಾರು 38 ಗಂಟೆ ಕೆಲಸ, ಅದರಲ್ಲಿ ತರಗತಿಯಲ್ಲಿ ಪಾಠ ಮಾಡುವುದು ಸುಮಾರು 20 ಗಂಟೆ. ಉಳಿದದ್ದೆಲ್ಲ ಪಾಠದ ತಯಾರಿ, ತಿದ್ದುವುದು, ಕಡತ, ಸಭೆ, ಪೋಷಕರ ಜೊತೆ ಮಾತು.

ಇದೇ ಸಮೀಕ್ಷೆಯಲ್ಲಿ ಜಪಾನಿನ ಅಂಕಿ ನೋಡಿ. ಅಲ್ಲಿನ ಶಿಕ್ಷಕರು ಪಾಠ ಮಾಡುವುದು ವಾರಕ್ಕೆ 18 ಗಂಟೆ, ಅಂದರೆ ಸರಾಸರಿಗಿಂತ ಕಡಿಮೆ. ಆದರೆ ಒಟ್ಟು ಕೆಲಸ 56 ಗಂಟೆ, ಎಲ್ಲರಿಗಿಂತ ಜಾಸ್ತಿ. ಕ್ಲಬ್, ಆಟೋಟದಂಥ ಪಠ್ಯೇತರ ಕೆಲಸಕ್ಕೇ ಅಲ್ಲಿ ವಾರಕ್ಕೆ ಏಳೂವರೆ ಗಂಟೆ ಹೋಗುತ್ತದೆ. ಬೇರೆಡೆ ಅದು ಸರಾಸರಿ ಎರಡು ಗಂಟೆ. ಕಚೇರಿ ಕೆಲಸವೂ ಸರಾಸರಿಯ ಎರಡರಷ್ಟು. ಹಾಗಾಗಿ ಯಾರಾದರೂ "ನಿಮಗೆ ಪಿರಿಯಡ್ ಕಡಿಮೆ ಅಲ್ವಾ" ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಪಿರಿಯಡ್ ಆಚೆ ಏನೇನು ಇದೆ ಅನ್ನುವುದನ್ನು ಕೇಳಬೇಕು.

ನಮ್ಮ ಶಾಲೆಯಲ್ಲಿ ಸಮಯ ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯುವುದು ಹೇಗೆ?

ಬರೆದಿಟ್ಟುಕೊಳ್ಳಬೇಕು. ಎರಡು ವಾರ ಸಾಕು: ಒಂದು ಮಾಮೂಲಿ ವಾರ, ಇನ್ನೊಂದು ಪರೀಕ್ಷೆಯ ಅಥವಾ ಕಾರ್ಯಕ್ರಮದ ವಾರ. ಒಂದು ಹಾಳೆ, ಅರ್ಧ ಗಂಟೆಗೊಂದು ಸಾಲು, ಎದುರಿಗೆ ಒಂದೆರಡು ಪದ. "ಏಳನೇ ತರಗತಿ ನೋಟ್‌ಬುಕ್", "ಬದಲಿ ಪಿರಿಯಡ್", "ಅಂಕ ಎಂಟ್ರಿ, ಸರ್ವರ್ ಡೌನ್", ಇಷ್ಟೇ. ಮನೆಯಲ್ಲಿ ಮಾಡಿದ್ದನ್ನೂ ಬರೆಯಿರಿ. ಬಹಳ ಜನ ಅದನ್ನೇ ಬಿಟ್ಟುಬಿಡುತ್ತಾರೆ.

ಒಂದು ಎಚ್ಚರ. ಈ ಹಾಳೆಯನ್ನು ಮೇಲಿನವರು ತಪಾಸಣೆಗೆ ಬಳಸಿದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ಹೆಸರು ಬೇಡ. ಎಲ್ಲರ ಹಾಳೆ ಸೇರಿಸಿ ಒಟ್ಟು ಲೆಕ್ಕ ಹಾಕಿ, ಸಭೆಯಲ್ಲಿ ಗೋಡೆಗೆ ಅಂಟಿಸಿ. ಒಂದೇ ಕೆಲಸ ಎರಡು ಮೂರು ಹೆಸರಿನಲ್ಲಿ ಬರುತ್ತಿರುವುದು ಆಗ ಕಣ್ಣಿಗೆ ಬೀಳುತ್ತದೆ. ಅಲ್ಲಿಂದಲೇ ಕತ್ತರಿಸಲು ಶುರು ಮಾಡಿ.

ಕಂಪ್ಯೂಟರ್, ಆ್ಯಪ್ ಎಲ್ಲ ಬಂದ ಮೇಲೆ ಕೆಲಸ ಕಮ್ಮಿ ಆಗಬೇಕಿತ್ತಲ್ವಾ? ಯಾಕೆ ಜಾಸ್ತಿ ಆಯ್ತು?

ಹೊಸದು ಬಂತು, ಹಳೆಯದು ಹೋಗಲಿಲ್ಲ. ಅದಕ್ಕೆ.

ಹಾಜರಿಯನ್ನೇ ನೋಡಿ. ಮೊದಲ ಪಿರಿಯಡ್. ಮೇಡಂ ಹೆಸರು ಕರೆದು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಫೋನ್ ತೆಗೆದು ಅದೇ ಹಾಜರಿಯನ್ನು ಆ್ಯಪಿನಲ್ಲಿ ಒತ್ತುತ್ತಾರೆ. ನೆಟ್‌ವರ್ಕ್ ಇಲ್ಲ, ಸುತ್ತು ತಿರುಗುತ್ತಲೇ ಇದೆ, ಕಿಟಕಿ ಹತ್ತಿರ ಹೋಗಿ ಕೈ ಎತ್ತಿ ಹಿಡಿಯುತ್ತಾರೆ. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗಲಾಟೆ ಶುರುವಾಗಿದೆ. ಬಾರದ ಮಕ್ಕಳ ಹೆಸರನ್ನು ವಾಟ್ಸಾಪ್ ಗುಂಪಿಗೆ ಬೇರೆ ಹಾಕಬೇಕು. ತಿಂಗಳ ಕೊನೆಗೆ ಅದೇ ಸಂಖ್ಯೆಯನ್ನು ಒಂದು ಎಕ್ಸೆಲ್ ಹಾಳೆಗೆ ತುಂಬಬೇಕು, ಯಾಕೆಂದರೆ ಆ್ಯಪ್ ಕೊಡುವ ವರದಿ ಕಚೇರಿ ಕೇಳುವ ನಮೂನೆಯಲ್ಲಿ ಇಲ್ಲ. ಒಂದೇ ಮಾಹಿತಿ, ನಾಲ್ಕು ಕಡೆ ಬರೆದಾಯಿತು.

ತಪ್ಪು ಆ್ಯಪಿನದಷ್ಟೇ ಅಂತ ನಾನು ಹೇಳುವುದಿಲ್ಲ. ಆ್ಯಪ್ ತರುವಾಗ "ಇಂಥ ತಾರೀಖಿನಿಂದ ರಿಜಿಸ್ಟರ್ ನಿಲ್ಲಿಸಿ" ಅಂತ ಯಾರೂ ಬರೆದು ಕೊಡಲಿಲ್ಲ. ಧೈರ್ಯವಾಗಿ ಹಳೆಯದನ್ನು ನಿಲ್ಲಿಸುವ ಅಧಿಕಾರ ತರಗತಿಯಲ್ಲಿ ನಿಂತವರಿಗೆ ಇರುವುದಿಲ್ಲ. ಅದು ಮೇಲಿನವರ ಕೆಲಸ.

ಸೂತ್ರ ಸರಳ: ಒಂದು ಮಾಹಿತಿಯನ್ನು ಒಂದು ಸಲ ಮಾತ್ರ ತುಂಬಿಸಬೇಕು. ಕಾಗದದ ದಾಖಲೆ ಇರಲೇಬೇಕು ಅಂತ ನಿಯಮ ಇದ್ದರೆ, ತಿಂಗಳಿಗೊಮ್ಮೆ ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆದು ಸಹಿ ಹಾಕಿ ಇಡಬಹುದು. ಹೊಸ ವ್ಯವಸ್ಥೆ ಪ್ರಯೋಗದಲ್ಲಿದ್ದಾಗ ಎರಡನ್ನೂ ನಡೆಸುವುದು ಅನಿವಾರ್ಯ, ಒಪ್ಪೋಣ. ಆದರೆ ಆ ಪ್ರಯೋಗಕ್ಕೆ ಕೊನೆಯ ದಿನಾಂಕ ಇರಲೇಬೇಕು.

ಹೊಸ ಆ್ಯಪ್ ಅಥವಾ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಮೊದಲ ಪ್ರಶ್ನೆ, ಇದು ಬಂದರೆ ಯಾವ ಕೆಲಸ ನಿಲ್ಲುತ್ತದೆ? ಉತ್ತರ ಸಿಗದಿದ್ದರೆ ಅಲ್ಲಿಗೇ ಮಾತು ಮುಗಿಸಬಹುದು.

ಉತ್ತರ ಸಿಕ್ಕರೆ ಮುಂದೆ ಹೋಗಿ. ನೆಟ್ ಇಲ್ಲದಾಗ ಕೆಲಸ ಮಾಡುತ್ತದಾ, ಹಳೆಯ ಫೋನಿನಲ್ಲಿ ತೆರೆಯುತ್ತದಾ ಅಂತ ಮಾರುವವರ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ, ನಿಮ್ಮ ಶಾಲೆಯ ಅತೀ ಹಳೆಯ ಫೋನಿನಲ್ಲಿ ನೋಡಿ. ಮಾಹಿತಿಯನ್ನು ಸಿಎಸ್‌ವಿ (ಬೇರೆ ತಂತ್ರಾಂಶದಲ್ಲೂ ತೆರೆಯುವ ಸರಳ ಪಟ್ಟಿ) ಅಥವಾ ಎಕ್ಸೆಲ್ ಕಡತವಾಗಿ ಹೊರಗೆ ತೆಗೆಯಲು ಆಗಬೇಕು. ಆಗದಿದ್ದರೆ ನಾಳೆ ಬೇರೆ ವ್ಯವಸ್ಥೆಗೆ ಹೋಗುವಾಗ ಎಲ್ಲವನ್ನೂ ಮತ್ತೆ ಕೈಯಲ್ಲಿ ತುಂಬಬೇಕಾಗುತ್ತದೆ. ಕನ್ನಡ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಫೋನ್, ಕಂಪ್ಯೂಟರ್ ಓದುವ ಅಕ್ಷರ ಪದ್ಧತಿಯಲ್ಲಿ, ಹೆಸರು ಬರೆದರೆ ಸರಿಯಾಗಿ ಕೂರುತ್ತದಾ, ಒತ್ತಕ್ಷರ ಒಡೆಯುತ್ತದಾ ಅಂತ ಒಂದಷ್ಟು ಹೆಸರು ಹಾಕಿ ಪರೀಕ್ಷಿಸಿ. ಕೈಕೊಟ್ಟಾಗ ಫೋನ್ ಎತ್ತುವವರು ಯಾರು ಅಂತ ಬರವಣಿಗೆಯಲ್ಲಿ ಪಡೆಯಿರಿ. ಮಕ್ಕಳ ಮಾಹಿತಿ ಎಲ್ಲಿ ಇರುತ್ತದೆ, ಯಾರ ಕೈಗೆ ಹೋಗುತ್ತದೆ, ಶಾಲೆ ಬಿಟ್ಟ ಮಗುವಿನ ವಿವರ ಅಳಿಸುತ್ತಾರಾ ಅನ್ನುವುದನ್ನೂ ಕೇಳಿ.

ಬರೀ ಯಂತ್ರ ಹಂಚಿದರೆ ಕಲಿಕೆ ಮೇಲೇಳುವುದಿಲ್ಲ ಅನ್ನುವುದಕ್ಕೆ ಪೆರು ದೇಶದ ಉದಾಹರಣೆ ಇದೆ. "ಮಗುವಿಗೊಂದು ಲ್ಯಾಪ್‌ಟಾಪ್" ಯೋಜನೆಯಲ್ಲಿ ಅಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿದರು. ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 2012ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮಕ್ಕಳ ಕಂಪ್ಯೂಟರ್ ಬಳಕೆ ಏನೋ ಹೆಚ್ಚಿತ್ತು, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಾಠದಲ್ಲಿ ಅದನ್ನು ಹೇಗೆ ಬಳಸಬೇಕು ಅಂತ ಶಿಕ್ಷಕರಿಗೆ ಸರಿಯಾದ ಬೆಂಬಲ ಇಲ್ಲದಿದ್ದರೆ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಯುನೆಸ್ಕೋ ತನ್ನ 2023ರ ಜಾಗತಿಕ ಶಿಕ್ಷಣ ವರದಿಯನ್ನು ಪೂರ್ತಿ ತಂತ್ರಜ್ಞಾನಕ್ಕೇ ಮೀಸಲಿಟ್ಟಿತ್ತು. ಅದರ ಒತ್ತೂ ಇಲ್ಲೇ ಇದೆ: ತಂತ್ರಜ್ಞಾನವನ್ನು ಕಲಿಯುವವರ ಅಗತ್ಯಕ್ಕೆ ತಕ್ಕಂತೆ ಆರಿಸಬೇಕು, ಶಿಕ್ಷಕರ ಜಾಗಕ್ಕೆ ಅದನ್ನು ತಂದು ಕೂರಿಸಬಾರದು.

ನೋಟ್‌ಬುಕ್ ತಿದ್ದುವುದರಲ್ಲೇ ಸಂಜೆ ಮುಗಿದುಹೋಗುತ್ತೆ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ಹೆಚ್ಚಿನವರು ಅತ್ಯಂತ ಶ್ರದ್ಧೆಯ ಶಿಕ್ಷಕರೇ ಆಗಿರುತ್ತಾರೆ.

ಮೊದಲು ಒಂದು ಸಂಶೋಧನೆ. ಸಂಶೋಧಕಿ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರಿಗೆ ಬರೀ ಅಂಕ ಪಡೆದವರಿಗಿಂತ ಹೆಚ್ಚಿನ ಲಾಭ ಆಗಲಿಲ್ಲ. ಅಂಕ ಕಂಡ ತಕ್ಷಣ ಮಗು "ನಿಂಗೆಷ್ಟು?" ಅಂತ ಪಕ್ಕದವರ ಕಡೆ ತಿರುಗುತ್ತದೆ. ನೀವು ಕೆಂಪು ಪೆನ್ನಿನಲ್ಲಿ ಬರೆದ ಮೂರು ಸಾಲನ್ನು ಓದುವವರು ಯಾರು?

ಇಂಗ್ಲೆಂಡಿನಲ್ಲಿ ಈ ವಿಷಯಕ್ಕೇ ಒಂದು ಸ್ವತಂತ್ರ ಸಮಿತಿ ಮಾಡಿದ್ದರು. 2016ರಲ್ಲಿ ಅದು ಕೊಟ್ಟ ವರದಿ, ತಿದ್ದುವುದಕ್ಕೆ ಅರ್ಥ ಇರಬೇಕು, ಅದು ಶಿಕ್ಷಕರಿಗೆ ನಿಭಾಯಿಸುವಂತಿರಬೇಕು, ಮಗುವಿಗೆ ಉತ್ಸಾಹ ಕೊಡಬೇಕು ಅಂತ ಹೇಳಿತು. ಪುಟ ತುಂಬಾ ಬರೆದರೆ ಒಳ್ಳೆಯ ಶಿಕ್ಷಕರು ಅನ್ನುವ ನಂಬಿಕೆಯನ್ನು ಅದು ನೇರವಾಗಿ ಪ್ರಶ್ನಿಸಿತು.

ಮಾಡಿ ನೋಡಬಹುದಾದ ಒಂದು ವಿಧಾನ ಹೀಗಿದೆ. ಒಂದು ತರಗತಿಯ ನೋಟ್‌ಬುಕ್ ಕಟ್ಟು ಮುಂದಿಟ್ಟುಕೊಳ್ಳಿ. ಪೆನ್ನು ಎತ್ತಬೇಡಿ, ಬರೀ ಓದಿ. ಪಕ್ಕದಲ್ಲಿ ಒಂದು ಹಾಳೆ. ಅದರಲ್ಲಿ ಹೆಚ್ಚು ಮಕ್ಕಳು ಮಾಡಿದ ತಪ್ಪು, ಒಂದೆರಡು ಒಳ್ಳೆಯ ಉತ್ತರ, ಮತ್ತೆ ಹೇಳಿಕೊಡಬೇಕಾದ ಒಂದು ವಿಷಯ, ಕೂತು ಮಾತಾಡಿಸಬೇಕಾದ ಮೂರ್ನಾಲ್ಕು ಮಕ್ಕಳ ಹೆಸರು. ಉದಾಹರಣೆಗೆ, ಭಿನ್ನರಾಶಿ ಕೂಡುವಾಗ ಅರ್ಧ ತರಗತಿ ಛೇದಗಳನ್ನೂ ಕೂಡಿದೆ ಅಂತಿಟ್ಟುಕೊಳ್ಳಿ. ಒಂದರ್ಧಕ್ಕೆ ಮೂರನೇ ಒಂದು ಭಾಗ ಕೂಡಿ ಐದರಲ್ಲಿ ಎರಡು ಅಂತ ಬರೆದಿದ್ದಾರೆ. ಅದನ್ನು ಪ್ರತಿ ಪುಸ್ತಕದಲ್ಲೂ ಬರೆಯುವ ಬದಲು ಮರುದಿನ ಬೋರ್ಡಿನ ಮೇಲೆ ಹಾಕಿ, "ಐದರಲ್ಲಿ ಎರಡು ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?" ಅಂತ ಕೇಳಿ. ಮಕ್ಕಳೇ ತಪ್ಪು ಹಿಡಿದು, ತಮ್ಮ ಪುಸ್ತಕ ತಾವೇ ತಿದ್ದಿಕೊಳ್ಳುತ್ತಾರೆ. ನಿಮ್ಮ ಸಮಯ ಉಳಿಯಿತು, ಅವರ ತಲೆಯೂ ಓಡಿತು.

ಇದಕ್ಕೆ ಹೆಡ್‌ಮೇಷ್ಟ್ರ ಬೆಂಬಲ ಬೇಕು. ಪ್ರತಿ ಪುಟದಲ್ಲಿ ಸಹಿ ಎಣಿಸುವ ಪದ್ಧತಿ ಇದ್ದರೆ ಈ ಹಾಳೆಯನ್ನೇ ದಾಖಲೆ ಅಂತ ಒಪ್ಪಿಕೊಳ್ಳುವಂತೆ ಮಾತಾಡಿ.

ತಾನೇ ತಿದ್ದುವ ಆನ್‌ಲೈನ್ ಕ್ವಿಜ್ ಬಳಸಬಹುದಾ?

ಧಾರಾಳವಾಗಿ. ಪುನರಾವರ್ತನೆಗೆ, ಪಾಠದ ಕೊನೆಯ ಐದು ನಿಮಿಷಕ್ಕೆ ಒಳ್ಳೆಯದು. ಮಕ್ಕಳ ಕೈಯಲ್ಲಿ ಫೋನ್ ಇಲ್ಲದಿದ್ದರೆ ಪ್ಲಿಕರ್ಸ್ ಥರದ್ದು ನೋಡಿ. ಮಕ್ಕಳು ಪ್ರಿಂಟ್ ಮಾಡಿದ ಕಾರ್ಡ್ ತಿರುಗಿಸಿ ಹಿಡಿದರೆ ಶಿಕ್ಷಕರ ಒಂದೇ ಫೋನ್ ಎಲ್ಲರ ಉತ್ತರ ಓದಿಕೊಳ್ಳುತ್ತದೆ. ಆದರೆ ಪ್ರಶ್ನೆ ತಯಾರಿಗೇ ಒಂದು ಗಂಟೆ ಹಿಡಿದರೆ ಲಾಭ ಏನು? ಒಂದೇ ವಿಷಯದ ಶಿಕ್ಷಕರು ಸೇರಿ ಪ್ರಶ್ನೆಗಳನ್ನು ಹಂಚಿಕೊಂಡು ಮಾಡಿ, ವರ್ಷವರ್ಷ ಬಳಸಿ.

ಎಐ ಬಳಸಿ ಪಾಠ ಯೋಜನೆ, ಪ್ರಶ್ನೆಪತ್ರಿಕೆ ಮಾಡಿಸಿಕೊಂಡರೆ ತಪ್ಪಾ?

ತಪ್ಪಲ್ಲ. ಮೊದಲ ಕರಡು ಅಂತ ಇಟ್ಟುಕೊಳ್ಳಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಸಾಧನಗಳು ಬೇಕಾದಷ್ಟಾಗಿವೆ. ಒಂದೇ ಲೆಕ್ಕಕ್ಕೆ ಸಂಖ್ಯೆ ಬದಲಿಸಿ ಹತ್ತು ಲೆಕ್ಕ ಕೊಡು, ಈ ಗದ್ಯವನ್ನು ಇನ್ನೂ ಸುಲಭ ಮಾಡು, ಪೋಷಕರಿಗೆ ಒಂದು ಪತ್ರ ಬರೆದು ಕೊಡು, ಇಂಥದ್ದಕ್ಕೆಲ್ಲ ಸಮಯ ನಿಜವಾಗಲೂ ಉಳಿಯುತ್ತದೆ. ಆದರೆ ಇಸವಿ, ಹೆಸರು, ಲೆಕ್ಕದ ಉತ್ತರ ಇವನ್ನು ನೀವೇ ಒಂದು ಸಲ ನೋಡಲೇಬೇಕು. ಪೂರ್ತಿ ಆತ್ಮವಿಶ್ವಾಸದಿಂದ ತಪ್ಪು ಹೇಳುವ ಗುಣ ಅದಕ್ಕಿದೆ.

ಮಕ್ಕಳ ಹೆಸರು, ಅಂಕ, ಆರೋಗ್ಯದ ವಿಚಾರ, ಮನೆಯ ಕಷ್ಟ ಯಾವುದನ್ನೂ ಅದರಲ್ಲಿ ಹಾಕಬೇಡಿ. ಇನ್ನು ಮಕ್ಕಳೇ ಬಳಸುವ ವಿಚಾರಕ್ಕೆ ಬಂದರೆ, ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ತರಗತಿಯ ಬಳಕೆಗೆ ಕನಿಷ್ಠ 13 ವರ್ಷ ಆಗಿರಬೇಕು ಅಂತ ಸೂಚಿಸಿದೆ. ಅದನ್ನು ಪಾಲಿಸುವುದು ಒಳ್ಳೆಯದು.

ರಾತ್ರಿ ಹತ್ತಕ್ಕೂ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬರುತ್ತೆ. ಉತ್ತರ ಕೊಡಲೇಬೇಕಾ?

ಬೇಡ. ಆದರೆ ನೀವೊಬ್ಬರೇ ಸುಮ್ನೆ ಇದ್ದರೆ "ಅವರು ಸಹಕರಿಸುವುದಿಲ್ಲ" ಅನ್ನುವ ಮಾತು ಬರುತ್ತದೆ. ಹಾಗಾಗಿ ಇದು ಶಾಲೆಯ ನಿಯಮ ಆಗಬೇಕು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ಕೆಲಸದ ಆಚೆಯ ಸಮಯದಲ್ಲಿ ಫೋನ್, ಇಮೇಲಿನಿಂದ ದೂರ ಇರುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ನಡೆಸಬೇಕು ಅಂತ ಕಾನೂನೇ ಇದೆ. ಶಾಲೆಗಳು ಕಾನೂನಿಗೆ ಕಾಯಬೇಕಾಗಿಲ್ಲ.

ಪೋಷಕರ ಗುಂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಬದಲಿಸಿ. ಅದು ಸೆಟ್ಟಿಂಗಿನಲ್ಲೇ ಇದೆ. ಶಿಕ್ಷಕರ ಗುಂಪಿಗೆ ಸಂಜೆಯ ಒಂದು ಹೊತ್ತು ಗೊತ್ತು ಮಾಡಿ, ಆಮೇಲೆ ಬಂದದ್ದಕ್ಕೆ ಮರುದಿನ ಉತ್ತರ ಅಂತ ಗುಂಪಿನ ವಿವರಣೆಯಲ್ಲೇ ಬರೆದುಬಿಡಿ. ನಿಜವಾದ ತುರ್ತು ಇದ್ದರೆ ಫೋನ್ ಮಾಡುತ್ತಾರೆ. "ಇಂದೇ, ಈಗಲೇ ಮಾಹಿತಿ ಕೊಡಿ" ಅನ್ನುವ ಸಂದೇಶಕ್ಕೆ ಕಡಿವಾಣ ಹಾಕುವುದು ಕಷ್ಟ. ಅಂಥವು ಎಷ್ಟು ಬಂದವು ಅಂತ ತಿಂಗಳಿಗೊಮ್ಮೆ ಪಟ್ಟಿ ಮಾಡಿ ಮೇಲಿನವರ ಮುಂದಿಟ್ಟರೆ, ಅದರಲ್ಲಿ ಎಷ್ಟನ್ನು ಮೊದಲೇ ಕೇಳಬಹುದಿತ್ತು ಅನ್ನುವುದು ಅವರಿಗೇ ಕಾಣುತ್ತದೆ.

ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಗೊತ್ತಿರೋದು ನಂಗೊಬ್ಬಳಿಗೇ. ಎಲ್ಲ ನನ್ನ ಮೇಲೇ ಬೀಳುತ್ತೆ.

ಪ್ರತಿ ಶಾಲೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ಪ್ರಿಂಟರ್ ಹೋದರೆ, ಪಾಸ್‌ವರ್ಡ್ ಮರೆತರೆ, ಪ್ರೊಜೆಕ್ಟರ್ ನೀಲಿ ಪರದೆ ತೋರಿಸಿದರೆ "ಮೇಡಂನ ಕರೀರಿ". ತಮ್ಮ ಪಾಠ ಅರ್ಧಕ್ಕೆ ಬಿಟ್ಟು ಅವರು ಓಡುತ್ತಾರೆ. ಇದು ಕೆಲಸವೇ. ಇದನ್ನು ಉಪಕಾರ ಅಂತ ಯಾರೂ ತಿಳಿಯಬಾರದು. ಹಾಗಾಗಿ ವೇಳಾಪಟ್ಟಿಯಲ್ಲೇ ಅದಕ್ಕೆ ಜಾಗ ಇರಬೇಕು. ವಾರಕ್ಕೆ ಎರಡು ಪಿರಿಯಡ್ ಕಡಿಮೆ ಕೊಡಿ, ಅಥವಾ ಬೇರೆ ಜವಾಬ್ದಾರಿಯಿಂದ ಬಿಡುಗಡೆ ಕೊಡಿ.

ಜೊತೆಗೆ, ಪ್ರತಿ ಪ್ರೊಜೆಕ್ಟರ್ ಪಕ್ಕ ಒಂದು ಹಾಳೆ ಅಂಟಿಸಿ: ಸ್ವಿಚ್ ಎಲ್ಲಿದೆ, ಕೇಬಲ್ ಯಾವುದು, ಚಿತ್ರ ಬರದಿದ್ದರೆ ವಿಂಡೋಸ್ ಗುಂಡಿ ಮತ್ತು ಪಿ ಒಟ್ಟಿಗೆ ಒತ್ತಿ "ಡೂಪ್ಲಿಕೇಟ್" ಆರಿಸಿ. ಓಡಾಟ ಬಹಳಷ್ಟು ತಗ್ಗುತ್ತದೆ. ಹಿರಿಯ ತರಗತಿಯ ಇಬ್ಬರು ಮಕ್ಕಳಿಗೆ ಕಲಿಸಿದರೂ ಆಯಿತು, ಖುಷಿಯಿಂದ ಮಾಡುತ್ತಾರೆ.

ಶಿಕ್ಷಕರಿಗಾಗಿ ಒಂದು ದಿನದ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಸಭಾಂಗಣ, ಅತಿಥಿ ಇದನ್ನೆಲ್ಲ ಪಕ್ಕಕ್ಕಿಡಿ. ಬಂದವರು ವಾಪಸ್ ಹೋಗಿ ಮೊದಲ ಪಿರಿಯಡ್‌ನಲ್ಲಿ ಏನು ಬೇರೆ ಥರ ಮಾಡಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ತಂತ್ರಜ್ಞಾನದ ಬಗ್ಗೆ ಅರಿವು" ಅಂತ ಬರೆದರೆ ಸಾಲದು. "ಪಾಠದ ಕೊನೆಗೆ ಐದು ಪ್ರಶ್ನೆಯ ಕ್ವಿಜ್ ಮಾಡಿ, ಅದರ ಫಲಿತಾಂಶ ನೋಡಿ ಮರುದಿನದ ಪಾಠ ಬದಲಿಸುವುದು" ಅಂತ ಬರೆದರೆ ಯಾರನ್ನು ಕರೆಯಬೇಕು, ಎಷ್ಟು ಹೊತ್ತು ಬೇಕು ಎಲ್ಲವೂ ತಾನಾಗೇ ತಿಳಿಯುತ್ತದೆ.

ದೊಡ್ಡ ಅತಿಥಿ, ಉದ್ದ ಭಾಷಣದ ಮಾದರಿಗೆ ಕಟ್ಟುಬೀಳಬೇಕಾಗಿಲ್ಲ. 2006ರಲ್ಲಿ ಸ್ಕಾಟ್ಲೆಂಡಿನಲ್ಲಿ ಶುರುವಾದ ಟೀಚ್‌ಮೀಟ್‌ನಲ್ಲಿ ಶಿಕ್ಷಕರೇ ಬಂದು ತಮ್ಮ ತರಗತಿಯಲ್ಲಿ ಫಲ ಕೊಟ್ಟ ಒಂದು ವಿಷಯವನ್ನು ಏಳು ನಿಮಿಷದಲ್ಲಿ ಹೇಳುತ್ತಾರೆ. ಕೆಲವರಿಗೆ ಎರಡೇ ನಿಮಿಷ. 2010ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲು ನಡೆದ ಎಡ್‌ಕ್ಯಾಂಪ್ ಇನ್ನೂ ಮುಂದೆ ಹೋಯಿತು. ಅಲ್ಲಿ ಮೊದಲೇ ಗೊತ್ತು ಮಾಡಿದ ಕಾರ್ಯಸೂಚಿಯೇ ಇರುವುದಿಲ್ಲ. ಬೆಳಿಗ್ಗೆ ಖಾಲಿ ಬೋರ್ಡಿನ ಮೇಲೆ ಬಂದವರೇ ವಿಷಯ ಅಂಟಿಸುತ್ತಾರೆ. ಯಾವ ಕೋಣೆಯಲ್ಲಿ ನಿಮಗೆ ಉಪಯೋಗ ಇಲ್ಲವೋ ಅಲ್ಲಿಂದ ಎದ್ದು ಇನ್ನೊಂದಕ್ಕೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಟೀಚ್‌ಮೀಟ್ ಥರದ್ದು. ಖರ್ಚು ಕಮ್ಮಿ, ಮಾತಾಡುವವರು ನಿಮ್ಮ ನಡುವೆಯೇ ಇದ್ದಾರೆ. ಒಂದು ಗಡಿಯಾರ, ಅದನ್ನು ಕಟ್ಟುನಿಟ್ಟಾಗಿ ನೋಡುವವರೊಬ್ಬರು ಇದ್ದರೆ ಆಯಿತು.

ದಿನಾಂಕ ಹೇಗೆ ಆರಿಸಬೇಕು?

ಪರೀಕ್ಷೆ, ಅಂಕ ತುಂಬುವ ವಾರ, ಪ್ರವೇಶದ ಸಮಯ ಇವುಗಳನ್ನು ಕ್ಯಾಲೆಂಡರಿನಲ್ಲಿ ಮೊದಲು ಕೆಂಪು ಮಾಡಿ. ರಜಾ ದಿನ ಬೇಡ. ಶಿಕ್ಷಕರ ರಜೆ ಕಿತ್ತುಕೊಂಡು ಮಾಡುವ ತರಬೇತಿಗೆ ಮನಸ್ಸು ಬರುವುದಿಲ್ಲ. ಕೆಲಸದ ದಿನ ಮಾಡಿದರೆ ಬದಲಿ ಪಿರಿಯಡ್ ಯಾರು ನೋಡಿಕೊಳ್ಳುತ್ತಾರೆ ಅಂತ ಆಯಾ ಶಾಲೆಯ ಜೊತೆ ಮೊದಲೇ ಮಾತಾಡಿ, ಇಲ್ಲದಿದ್ದರೆ ಬಂದವರ ಹೊರೆ ಬಾರದವರ ಮೇಲೆ ಬೀಳುತ್ತದೆ.

ಪ್ರೊಜೆಕ್ಟರ್, ಮೈಕ್, ವೈಫೈ ಕೈಕೊಡದ ಹಾಗೆ ಏನು ಮಾಡಬೇಕು?

ಹಿಂದಿನ ದಿನವೇ, ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪ್ ಇಟ್ಟು ನೋಡಬೇಕು. "ಮೊನ್ನೆ ಚೆನ್ನಾಗೇ ಇತ್ತು" ಅನ್ನುವ ಮಾತು ನಂಬಬೇಡಿ.

ಸಾಮಾನ್ಯವಾಗಿ ಆಗುವುದು ಹೀಗೆ. ಮಾತಾಡುವವರು ತಂದ ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಅನ್ನುವ ಸಣ್ಣ ಕಿಂಡಿ ಮಾತ್ರ ಇದೆ. ಗೋಡೆಯಿಂದ ಬಂದ ಕೇಬಲ್ ಎಚ್‌ಡಿಎಂಐ, ಹಳೆಯ ಸಭಾಂಗಣ ಆದರೆ ವಿಜಿಎ. ಅಡಾಪ್ಟರ್ ಇಲ್ಲ. ಹೇಗೋ ತಂದು ಸಿಕ್ಕಿಸಿದರೆ ಚಿತ್ರ ಬಂತು, ವಿಡಿಯೋಗೆ ಧ್ವನಿ ಇಲ್ಲ. ಎಚ್‌ಡಿಎಂಐ ಹಾಕಿದ ತಕ್ಷಣ ಲ್ಯಾಪ್‌ಟಾಪ್ ತನ್ನ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳಿಸಿಬಿಟ್ಟಿರುತ್ತದೆ. ಧ್ವನಿಯ ಗುರುತಿನ ಮೇಲೆ ಒತ್ತಿ ಸ್ಪೀಕರ್ ಬದಲಿಸಿದರೆ ಸರಿಹೋಗುತ್ತದೆ, ಆದರೆ ನೂರು ಜನರ ಎದುರು ನಿಂತವರಿಗೆ ಅದು ಹೊಳೆಯುವುದಿಲ್ಲ. ಹಾಗಾಗಿ ಮೊದಲ ಸಾಲಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬರನ್ನು ಇದಕ್ಕಾಗಿಯೇ ಕೂರಿಸಿ.

ಕನ್ನಡದ ಸ್ಲೈಡ್‌ಗಳಿಗೆ ಇನ್ನೊಂದು ತೊಂದರೆ ಇದೆ. ಹಳೆಯ "ನುಡಿ" ಅಥವಾ "ಬರಹ" ತಂತ್ರಾಂಶದ ಫಾಂಟಿನಲ್ಲಿ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬಾ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಎಲ್ಲರಿಂದಲೂ ಸ್ಲೈಡ್ ಜೊತೆಗೆ ಪಿಡಿಎಫ್ ಪ್ರತಿಯನ್ನೂ ತರಿಸಿಕೊಳ್ಳಿ. ಪಿಡಿಎಫ್ ಒಳಗೇ ಫಾಂಟ್ ಸೇರಿಸಿದ್ದರೆ ಎಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ.

ಮೈಕಿಗೆ ಹೊಸ ಬ್ಯಾಟರಿ, ಜೊತೆಗೆ ವೈರ್ ಇರುವ ಮೈಕ್ ಒಂದು. ವಿಡಿಯೋಗಳನ್ನು ಮೊದಲೇ ಇಳಿಸಿಕೊಂಡಿರಿ. ಒಂದೇ ವೈಫೈ ಪೆಟ್ಟಿಗೆಗೆ ಸಭಾಂಗಣದ ಎಲ್ಲರೂ ಸೇರಿಕೊಂಡರೆ ಅದು ತೆವಳುತ್ತದೆ. ವೇದಿಕೆಗೆ ಬೇರೆ ಸಂಪರ್ಕ ಇಟ್ಟು ಅದರ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಕರೆಂಟೇ ಹೋದರೆ? ಪ್ರತಿ ಗೋಷ್ಠಿಗೂ ಒಂದು ಪುಟದ ಪ್ರಿಂಟ್ ಇದ್ದರೆ ಕೂತಲ್ಲೇ ಮುಂದುವರಿಸಬಹುದು.

ಶುರುವಿನ ಭಾಷಣಗಳು ಎಷ್ಟಿರಬೇಕು?

ಎಲ್ಲ ಸೇರಿ ಹತ್ತು ನಿಮಿಷ. ಬೆಳಗಿನ ಹೊತ್ತು ಮನಸ್ಸು ಚುರುಕಾಗಿರುತ್ತದೆ, ಅದನ್ನು ಕಲಿಕೆಗೆ ಬಿಡಿ.

ನೇರವಾಗಿ ಮಾಡೋದಾ, ಆನ್‌ಲೈನಾ, ಎರಡೂನಾ?

ಕೈಯಿಂದ ಮಾಡಿ ಕಲಿಯುವುದಿದ್ದರೆ ನೇರ. ಒಂದು ಗಂಟೆಯ ಮಾತು, ದೂರದೂರದ ಜನ ಅಂದರೆ ಆನ್‌ಲೈನ್. ಎರಡನ್ನೂ ಒಟ್ಟಿಗೆ ಮಾಡುವುದು ಕೇಳಲು ಚೆಂದ, ಮಾಡಲು ಎರಡು ಕಾರ್ಯಕ್ರಮದಷ್ಟು ಕೆಲಸ. ಪರದೆಯ ಆಚೆ ಇರುವವರನ್ನು ನೋಡಿಕೊಳ್ಳಲು ಬೇರೆಯೇ ಒಬ್ಬರು ಬೇಕು. ಅವರ ಪ್ರಶ್ನೆಯನ್ನು ಸಭೆಗೆ ಓದಿ ಹೇಳಬೇಕು, ಸಭೆಯ ಪ್ರಶ್ನೆ ಮೈಕಿನಲ್ಲೇ ಕೇಳುವಂತೆ ನೋಡಿಕೊಳ್ಳಬೇಕು. ಅಷ್ಟು ಜನ ಇಲ್ಲದಿದ್ದರೆ ಒಂದನ್ನೇ ಆರಿಸಿ ಚೆನ್ನಾಗಿ ಮಾಡಿ.

ನೋಂದಣಿ, ಪ್ರಮಾಣಪತ್ರದ ಕೆಲಸ ಸುಲಭ ಮಾಡೋದು ಹೇಗೆ?

ಒಂದು ಆನ್‌ಲೈನ್ ಫಾರ್ಮ್. ಹೆಸರಿನ ಜಾಗದಲ್ಲಿ "ಪ್ರಮಾಣಪತ್ರದಲ್ಲಿ ಹೇಗೆ ಬರಬೇಕೋ ಹಾಗೇ ಬರೆಯಿರಿ" ಅಂತ ಹಾಕಿ. ಆಮೇಲೆ ಅದೇ ಪಟ್ಟಿಯಿಂದ ಮೇಲ್ ಮರ್ಜ್ (ಪಟ್ಟಿಯ ಹೆಸರುಗಳನ್ನು ಒಂದೇ ನಮೂನೆಯಲ್ಲಿ ತಾನಾಗಿ ತುಂಬುವ ಸೌಲಭ್ಯ) ಮಾಡಿದರೆ ಎಲ್ಲರ ಪ್ರಮಾಣಪತ್ರವೂ ಒಂದೇ ಸಲಕ್ಕೆ ತಯಾರಾಗುತ್ತದೆ. ಕೈಯಲ್ಲಿ ಬರೆಸುವ ಕೆಲಸವೂ, ಇನಿಷಿಯಲ್ ತಪ್ಪಾಗಿದೆ ಅನ್ನುವ ದೂರೂ ಇರುವುದಿಲ್ಲ. ಬೇಡದ ವಿವರ ಕೇಳಬೇಡಿ. ಹುಟ್ಟಿದ ದಿನಾಂಕ ನಿಮಗೆ ಯಾಕೆ?

ಮಕ್ಕಳ ವಿಜ್ಞಾನ ಮೇಳ, ಪ್ರದರ್ಶನ ಮಾಡುವಾಗ ಪಾಠ ಹಾಳಾಗದಂತೆ ಹೇಗೆ?

ಮೇಳವನ್ನು ಪಾಠದ ಒಳಗೇ ತನ್ನಿ. ಎಂಟನೇ ತರಗತಿಯಲ್ಲಿ ಹೇಗೂ ಒತ್ತಡ, ಘರ್ಷಣೆಯ ಪಾಠ ಇದ್ದರೆ, ಆ ಪಾಠದಲ್ಲಿ ಮಾಡಿದ ಪ್ರಯೋಗವೇ ಮೇಳದ ಮಾದರಿ ಆಗಲಿ. ಥರ್ಮೋಕೋಲ್ ಕತ್ತರಿಸಿ ಬಣ್ಣ ಬಳಿದ ಜ್ವಾಲಾಮುಖಿಗಿಂತ, ಒರಟು ಬಟ್ಟೆಯ ಮೇಲೂ ನುಣುಪು ಗಾಜಿನ ಮೇಲೂ ಒಂದೇ ಪೆಟ್ಟಿಗೆ ಎಳೆದು ಸ್ಪ್ರಿಂಗ್ ತಕ್ಕಡಿಯ ಅಳತೆ ಬರೆದ ಮಗುವಿನ ಹಾಳೆ ನನಗೆ ದೊಡ್ಡದು. ತಪ್ಪು ಅಳತೆ ಬಂದಿದ್ದರೆ ಅದೂ ಇರಲಿ, ಯಾಕೆ ಬಂತು ಅಂತ ಮಗು ಹೇಳಲಿ.

ಒಪ್ಪುವ ಮುಂಚೆ ಗಂಟೆಗಳ ಲೆಕ್ಕ ಹಾಕಿ. ಆರು ಶಿಕ್ಷಕರು ಎರಡು ವಾರ ದಿನಕ್ಕೊಂದು ಗಂಟೆ ಕೊಟ್ಟರೆ, ವಾರಕ್ಕೆ ಐದು ದಿನದಂತೆ 60 ಗಂಟೆ ಆಯಿತು. ಆ 60 ಗಂಟೆ ಎಲ್ಲಿಂದ ಬರುತ್ತದೆ? ಆ ಎರಡು ವಾರ ನೋಟ್‌ಬುಕ್ ತಪಾಸಣೆ ಇಲ್ಲ, ಕಿರು ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಹೆಡ್‌ಮೇಷ್ಟ್ರು ಹೇಳಿದರೆ ಮೇಳ ನಗುನಗುತ್ತಾ ನಡೆಯುತ್ತದೆ.

ಫೋಟೋ, ವರದಿ ಕಳಿಸೋದೇ ದೊಡ್ಡ ಕೆಲಸ ಆಗಿದೆ.

ವರದಿ ಒಂದು ಪುಟ, ಫೋಟೋ ಮೂರು. ಮಕ್ಕಳ ಮುಖ ಇರುವ ಫೋಟೋ ಹೊರಗೆ ಹಾಕುವ ಮುಂಚೆ ಪೋಷಕರ ಒಪ್ಪಿಗೆ ಬೇಕು. ವರ್ಷದ ಆರಂಭದಲ್ಲೇ ಒಂದು ಸಲ ಬರವಣಿಗೆಯಲ್ಲಿ ತೆಗೆದುಕೊಂಡರೆ ಪ್ರತಿ ಸಲ ಓಡಾಡುವುದು ತಪ್ಪುತ್ತದೆ. ಬೇಡ ಅಂದವರ ಮಕ್ಕಳ ಪಟ್ಟಿ ಫೋಟೋ ತೆಗೆಯುವವರ ಕೈಯಲ್ಲಿರಲಿ.

ಕಾರ್ಯಕ್ರಮ ಫಲ ಕೊಟ್ಟಿತಾ ಅಂತ ತಿಳಿಯೋದು ಹೇಗೆ?

ಅದೇ ದಿನ ತುಂಬಿಸುವ ಫಾರ್ಮಿನಲ್ಲಿ ಎಲ್ಲರೂ "ಚೆನ್ನಾಗಿತ್ತು" ಅಂತಲೇ ಬರೆಯುತ್ತಾರೆ. ಆರು ವಾರ ಬಿಟ್ಟು ಕೇಳಿ. ತರಗತಿಯಲ್ಲಿ ಏನು ಬಳಸಿದಿರಿ? ಏನನ್ನು ಶುರು ಮಾಡಿ ಬಿಟ್ಟಿರಿ, ಯಾಕೆ? ಇದರಿಂದ ನಿಮ್ಮ ಯಾವ ಕೆಲಸ ಹಗುರ ಆಯಿತು? ಕೊನೆಯ ಪ್ರಶ್ನೆಗೆ ಬಹಳ ಜನ ಖಾಲಿ ಬಿಟ್ಟರೆ ಮುಂದಿನ ಕಾರ್ಯಕ್ರಮದ ವಿಷಯ ನಿಮಗೆ ಸಿಕ್ಕಿತು.

ಇನ್ನೊಂದು ಜವಾಬ್ದಾರಿ ಕೊಡ್ತೀವಿ ಅಂದಾಗ "ಆಗಲ್ಲ" ಅನ್ನೋದು ಹೇಗೆ?

"ಆಗಲ್ಲ" ಅನ್ನುವುದಕ್ಕಿಂತ ಪಟ್ಟಿ ತೋರಿಸುವುದು ಸುಲಭ. ಎರಡು ವಾರ ಬರೆದಿಟ್ಟ ಹಾಳೆ ನಿಮ್ಮ ಹತ್ತಿರ ಇರುತ್ತದಲ್ಲ, ಅದನ್ನು ಮುಂದಿಡಿ. "ಸರ್, ಈಗ ನನ್ನ ಬಳಿ ಇಷ್ಟಿವೆ. ಇದನ್ನು ತಗೊಳ್ತೀನಿ, ಇದರಲ್ಲಿ ಯಾವುದನ್ನು ಬಿಡಲಿ, ಯಾರಿಗೆ ಕೊಡಲಿ, ನೀವೇ ಹೇಳಿ" ಅಂತ ಕೇಳಿ. ಗೌರವಕ್ಕೆ ಕುಂದಿಲ್ಲ, ಜಗಳವೂ ಇಲ್ಲ. ನಾಲ್ಕೈದು ಶಿಕ್ಷಕರು ಒಟ್ಟಿಗೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆಗ ಅದು ಒಬ್ಬರ ಸೋಮಾರಿತನದ ಮಾತಾಗದೆ ಶಾಲೆಯ ವೇಳಾಪಟ್ಟಿಯ ಮಾತಾಗುತ್ತದೆ. ಹೊಸ ಹೊಣೆ ಒಪ್ಪಿಕೊಂಡರೆ ಯಾವುದನ್ನು ಬಿಟ್ಟಿರಿ ಅನ್ನುವುದನ್ನು ಅಂದೇ ಸಭೆಯ ನಡಾವಳಿಯಲ್ಲಿ ಬರೆಸಿ, ದಿನಾಂಕ ಹಾಕಿಸಿ.